ಕೊಲ್ಲುವ ಕೈಯಲ್ಲಿ ಕರುಣೆ ಉಳಿಯಬಲ್ಲುದೇ?

ಬೆಕ್ಕೊಂದನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆ ನರಕ ಶಿಕ್ಷೆಗೆ ಗುರಿಯಾದ ಪ್ರಸಂಗವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟುದನ್ನೂ ಬಲ್ಲರು. ಹೀಗಿರುವಾಗ, ಒಂದು ನಾಡಿನ ಜನರು ಊರಿಗೆ ಊರೇ ಸೇರಿ ಪ್ರಾಣಿಗಳನ್ನು ಬೋನಿಟ್ಟು ಕೊಲ್ಲುತ್ತಾರೆ, ಅದನ್ನು ಜೀವರಕ್ಷಣೆಯೆಂದೇ ಕರೆಯುತ್ತಾರೆ ಎಂದರೆ ತಾವು ಏನೆನ್ನುವಿರಿ?

ಆ ನಾಡು ನ್ಯೂಝಿಲೆಂಡ್. ಬಾವಲಿಗಳ ಹೊರತು ಅಲ್ಲಿನ ಕಾಡುಗಳಲ್ಲಿ ಮೊಲೆಯೂಡಿಸುವ ಪ್ರಾಣಿಗಳೇ ಇರಲಿಲ್ಲ. ಇಲಿಯಿಲ್ಲ, ಬೆಕ್ಕಿಲ್ಲ, ನರಿಯಿಲ್ಲ. ಆದುದರಿಂದ ಅಲ್ಲಿನ ಹಲವು ಹಕ್ಕಿಗಳಿಗೆ ಹಾರುವ ಅಗತ್ಯವೇ ಬೀಳಲಿಲ್ಲ. ಅವು ನೆಲದಲ್ಲೇ ಬಾಳಿದವು. ಅಪಾಯ ಕಂಡರೆ ಅಲುಗಾಡದೆ ನಿಂತುಬಿಡುವುದೇ ಅವುಗಳ ರಕ್ಷಣೆ. ಆಕಾಶದಿಂದ ನೋಡುವ ಗಿಡುಗನಿಂದ ಪಾರಾಗಲು ಅದು ಸಾಕಾಗಿತ್ತು. ವಾಸನೆ ಹಿಡಿದು ಬರುವ ಪ್ರಾಣಿಯ ಮುಂದೆ ಅದು ನಿಷ್ಪ್ರಯೋಜಕ.

ಅಂತಹ ಪ್ರಾಣಿಗಳನ್ನು ಅಲ್ಲಿಗೆ ತಂದವನು ಮಾನವನು. ಮೊದಲು ಬಂದ ಮಾವೊರಿ ಜನರ ದೋಣಿಗಳಲ್ಲಿ ಒಂದು ಜಾತಿಯ ಇಲಿ ಬಂತು, ಯುರೋಪಿಯನರ ಹಡಗುಗಳಲ್ಲಿ ಬೇರೆ ಜಾತಿಗಳು ಬಂದವು. ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಆಸ್ಟ್ರೇಲಿಯದಿಂದ ಪೋಸಮ್ ಎಂಬ ಪ್ರಾಣಿಯನ್ನು ತಂದರು. ಬೇಟೆಗೂ ಊಟಕ್ಕೂ ಎಂದು ಮೊಲಗಳನ್ನು ಬಿಟ್ಟರು. ಅವು ವಿಪರೀತ ಹೆಚ್ಚಿ ಕುರಿಗಳ ಹುಲ್ಲನ್ನು ಮೇಯ್ದು ಮುಗಿಸತೊಡಗಿದಾಗ, ಅವನ್ನು ಹಿಡಿಯಲು 1880ರ ದಶಕದಲ್ಲಿ ಸ್ಟೋಟ್‌ಗಳನ್ನು ತರಿಸಿದರು. ಸ್ಟೋಟ್ ಎಂದರೆ ಮುಂಗುಸಿಯನ್ನು ಹೋಲುವ, ಉದ್ದ ಮೈಯ ಸಣ್ಣ ಬೇಟೆಗಾರ. ಹಕ್ಕಿಗಳನ್ನು ಬಲ್ಲವರು ಬೇಡವೆಂದು ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. ಮೊಲದ ಜೊತೆಗೆ ಹಕ್ಕಿಮರಿಯೂ ಸ್ಟೋಟ್‌ನ ಆಹಾರವಾಯಿತು.

ಇಂದು ರಕ್ಷಣೆಯಿಲ್ಲದ ಕಾಡಿನಲ್ಲಿ ಹುಟ್ಟುವ 100 ಕೀವಿ ಮರಿಗಳಲ್ಲಿ ಸುಮಾರು 5 ಮಾತ್ರ ಬೆಳೆದು ದೊಡ್ಡವಾಗುತ್ತವೆ. ಹಾರಲಾರದ ಕಾಕಪೊ ಗಿಳಿಗಳು 1995ರಲ್ಲಿ ಉಳಿದದ್ದು ಕೇವಲ 51. ಶತ್ರುಪ್ರಾಣಿಗಳಿಲ್ಲದ ದ್ವೀಪಗಳಲ್ಲಿಟ್ಟು ಸಾಕಿ ಸಲಹಿದ ಮೇಲೆ 2022ರಲ್ಲಿ ಅವು 252 ಆದವು.

ಇಲ್ಲಿ ಪ್ರಶ್ನೆ ಏಳುತ್ತದೆ. ಸ್ಟೋಟ್ ಮಾಡಿದ ತಪ್ಪೇನು? ಸೃಷ್ಟಿಕರ್ತನು ತನಗಿತ್ತ ಸ್ವಭಾವದಂತೆ ಅದು ಬದುಕುತ್ತಿದೆ. ಹಾಗಾದರೆ ಅದನ್ನು ಕೊಲ್ಲುವುದು ಅನ್ಯಾಯವಲ್ಲವೇ?

ಆದರೆ ಕೈಕಟ್ಟಿ ಕುಳಿತರೂ ಕೊಲೆ ನಿಲ್ಲುವುದಿಲ್ಲ. ಪ್ರತಿ ವರ್ಷವೂ ಮರಿಗಳು ಗೂಡಿನಲ್ಲೇ ಸಾಯುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಮಾನವರ ಕೈಗಳ ಗಳಿಕೆಯಿಂದಲೇ ನೆಲ ಜಲಗಳಲ್ಲಿ ಕ್ಷೋಭೆ ಹರಡುತ್ತದೆಂದು ಪವಿತ್ರ ಕುರ್‌ಆನ್ ಎಚ್ಚರಿಸಿಲ್ಲವೇ? ಕ್ಷೋಭೆಯನ್ನು ಹಬ್ಬಿಸಿದವನೇ ಅದನ್ನು ಸರಿಪಡಿಸುವ ಹೊಣೆಗಾರನೂ ಆಗಿದ್ದಾನೆ. ಬೇಟೆ ನಿಷಿದ್ಧವಾಗಿರುವ ಹರಮ್‌ನಲ್ಲಿಯೂ ಇಲಿಯಂತಹ ಹಾನಿಕರ ಜೀವಿಗಳನ್ನು ಕೊಲ್ಲಲು ಪ್ರವಾದಿ(ಸ)ಯವರು ಅನುಮತಿ ನೀಡಿದ್ದರು. ಆದರೆ ಕೊಲ್ಲಲೇಬೇಕಾದಾಗಲೂ ಉತ್ತಮ ರೀತಿಯಲ್ಲಿ ಕೊಲ್ಲಬೇಕು, ಪ್ರಾಣಿಗೆ ನೋವಾಗದಂತೆ ಚೂರಿಯನ್ನು ಹರಿತಗೊಳಿಸಬೇಕು ಎಂದೂ ಕಲಿಸಿದರು. ಅನುಮತಿಯನ್ನು ನೆನಪಿಟ್ಟುಕೊಂಡು ಈ ಷರತ್ತನ್ನು ಮರೆಯುವುದು ನಮ್ಮ ದೌರ್ಬಲ್ಯವಾಗಿದೆ.

2016ರಲ್ಲಿ ಅಲ್ಲಿನ ಸರಕಾರವು ಇಲಿ, ಸ್ಟೋಟ್, ಪೋಸಮ್‌ಗಳನ್ನು 2050ರೊಳಗೆ ನಾಡಿನಿಂದ ಇಲ್ಲವಾಗಿಸುವ ಗುರಿಯನ್ನು ಘೋಷಿಸಿತು. ಈ ಕೆಲಸ ಸರಕಾರವೊಂದರಿಂದಲೇ ಆಗುವಂತಹದಲ್ಲ. ರಾಜಧಾನಿ ವೆಲ್ಲಿಂಗ್ಟನ್‌ನ ಹೊರವಲಯದ ಗುಡ್ಡಗಳಲ್ಲಿ ರೈತರೂ ಮಾವೊರಿಗಳೂ ಸ್ವಯಂಸೇವಕರೂ ಕೂಡಿ 4,500ಕ್ಕೂ ಹೆಚ್ಚು ಬೋನುಗಳನ್ನಿಟ್ಟು ನೋಡಿಕೊಂಡರು. ಹೀಗೆ ನೆಲ ಹಸನಾದ ಮೇಲೆ 2022ರ ನವೆಂಬರ್‌ನಲ್ಲಿ ಅಲ್ಲಿಗೆ ಕೀವಿಗಳನ್ನು ಮರಳಿ ಬಿಡಲಾಯಿತು. ಮರುವರ್ಷ ಮರಿಗಳೂ ಹುಟ್ಟಿದವು. ಇದನ್ನು ಓದುವಾಗ ನಮ್ಮ ಫಿಕ್‌ಹ್ ಪಾಠದ ಫರ್ಝ್ ಕಿಫಾಯ ನನಗೆ ನೆನಪಾಗುತ್ತದೆ. ಕೆಲವರು ಮುಂದೆ ಬಂದು ನಿರ್ವಹಿಸಿದರೆ ಊರಿನ ಹೊಣೆ ಇಳಿಯುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಮಯ್ಯಿತ್ ನಮಾಝಿಗೆ ಅನ್ವಯಿಸುವ ಈ ವಿವೇಕವು ಊರಿನ ಕಾಡಿಗೂ ಕೆರೆಗೂ ಬೇಡವೇ?

ಆದರೆ ಅದೇ ನಾಡಿನ ಇನ್ನೊಂದು ಸುದ್ದಿಯನ್ನು ಕೇಳಿರಿ. 2017ರಲ್ಲಿ ಶಾಲೆಯೊಂದರ ಸಹಾಯಾರ್ಥ ಪೋಸಮ್ ಬೇಟೆ ನಡೆಯಿತು. ಸತ್ತ ತಾಯಂದಿರ ಚೀಲದಲ್ಲಿ ಜೀವಂತ ಸಿಕ್ಕಿದ ಮರಿಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಕೊಂದರು. ಆ ನಾಡಿನವರೇ ಅದನ್ನು ಖಂಡಿಸಿದರು. ಅಧ್ಯಾಪಕನಾದ ನನ್ನನ್ನು ಈ ಸುದ್ದಿ ಬಹಳ ಕಾಡಿತು. ಹಾನಿಕರವೆಂಬ ಹೆಸರು ಬಿದ್ದೊಡನೆ ಆ ಜೀವಿಯ ನೋವು ನೋವೇ ಅಲ್ಲವೆಂದು ಮಕ್ಕಳು ಕಲಿತರೆ, ಹಕ್ಕಿ ಉಳಿಯಬಹುದು, ಆದರೆ ಮಗುವಿನ ಹೃದಯ? ಇಂದು ಪ್ರಾಣಿಗೆ ಅಂಟಿಸಿದ ಆ ಹೆಸರನ್ನು ನಾಳೆ ಮನುಷ್ಯರಿಗೂ ಅಂಟಿಸಲು ಎಷ್ಟು ಹೊತ್ತು ಬೇಕು?

ಪ್ರಿಯ ಓದುಗರೇ, ಬೋನಿಡುವುದು ಕೆಲವೊಮ್ಮೆ ಕರ್ತವ್ಯವಾಗಬಹುದು. ಆದರೆ ಅದು ನಮ್ಮ ಹಿರಿಯರ ಸಾಲ ತೀರಿಸುವ ಕೆಲಸ, ಗೆಲುವಿನ ಸಂಭ್ರಮವಲ್ಲ. ನಿಮ್ಮ ಮನೆಯಲ್ಲಿ ಬೋನಿಗೆ ಬಿದ್ದ ಇಲಿಯ ಸುತ್ತ ಮಕ್ಕಳು ಕೋಲು ಹಿಡಿದು ನಗುತ್ತಾ ನಿಂತಿದ್ದರೆ, ಮೊದಲು ಆ ಕೋಲನ್ನು ಕೆಳಗಿಡಿಸಿರಿ. ಬಳಿಕ, ಹಿಂಸಿಸದೆ, ಮಾಡಬೇಕಾದುದನ್ನು ಬೇಗನೆ ಮಾಡಿ ಮುಗಿಸಿರಿ.