ಲಕ್ಕಮ್ಮನವರ ಅಳತೆ



ಯಾವುದೂ ಅತಿಯಾಗಬಾರದೆಂಬ ಮಾತನ್ನು ಒಪ್ಪದವರಿಲ್ಲ. ಆದರೆ ಎಷ್ಟಾದರೆ ಮಿತಿ, ಎಲ್ಲಿಂದ ಮುಂದಕ್ಕೆ ಅತಿ? ಇದನ್ನು ಅಳೆಯುವ ಸೇರು ಯಾವುದು?

ಸದ್ಗುಣವೆಂಬುದು ಎರಡು ಅತಿರೇಕಗಳ ನಡುವಣ ನೆಲೆಯೆಂದು ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ಸಾರಿದನು. ಹೇಡಿತನಕ್ಕೂ ದುಡುಕಿಗೂ ನಡುವೆ ಧೈರ್ಯ. ಜಿಪುಣತನಕ್ಕೂ ದುಂದಿಗೂ ನಡುವೆ ಔದಾರ್ಯ. ಆದರೆ ಈ ನಡುವು ತಕ್ಕಡಿಯಲ್ಲಿ ತೂಗಿದ ಅರ್ಧಭಾಗವಲ್ಲ. ಪಳಗಿದ ಜಟ್ಟಿಗೆ ಸಾಲದ ಊಟವು ಗರಡಿಗೆ ಹೊಸಬನಾದವನಿಗೆ ಅತಿಯಾದೀತು. ಕಳವು ಕೊಲೆಗಳಲ್ಲಿಯಂತೂ ಮಿತವೆಂಬುದೇ ಇಲ್ಲವೆಂದು ಅವನು ಹೇಳಿದನು. ಮುಂದೆ 18ನೆಯ ಶತಮಾನದಲ್ಲಿ ಜರ್ಮನಿಯ ಕಾಂಟನು ಕರ್ತವ್ಯಬುದ್ಧಿಯನ್ನೂ, 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಿಲ್ಲನು ಬಹುಜನರ ಸುಖವನ್ನೂ ನೀತಿಯ ಒರೆಗಲ್ಲಾಗಿ ಹಿಡಿದರು.

ಈ ಮೂರನ್ನೂ ಮನಸ್ಸಿನಲ್ಲಿಟ್ಟು 12ನೆಯ ಶತಮಾನದ ಕಲ್ಯಾಣಕ್ಕೆ ಬನ್ನಿರಿ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಮುದ್ದೇಬಿಹಾಳ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಲಿಂಗಸುಗೂರು ಭಾಗದ ಅಮರೇಶ್ವರದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಅದು ಕದ್ದದ್ದಲ್ಲ; ಯಾರಿಗೂ ಹಾನಿಯಿಲ್ಲ; ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಿತ್ತು. ಆದರೂ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಹೆಚ್ಚಾದದ್ದು ಅಕ್ಕಿಯಲ್ಲ, ಆಸೆ ಎಂಬುದನ್ನು ಆ ತಾಯಿ ಕಂಡಿದ್ದರು. ಅದೇ ಲಕ್ಕಮ್ಮನವರು, ಪತಿಯು ಮಾತಿನಲ್ಲಿ ಮೈಮರೆತು ಕಾಯಕವನ್ನು ಮರೆತಾಗ, ಅವರನ್ನು ಎಚ್ಚರಿಸಿ ಕಳುಹಿದರು. ಮಿತಿಯನ್ನು ಅವರು ಹಾಕಿದ್ದು ಕೊಳ್ಳುವ ಕೈಗೆ, ದುಡಿಯುವ ಕೈಗಲ್ಲ.

ಇದು ಹಳೆಯ ಕಥೆಯೆಂದು ಬದಿಗಿಡಬೇಡಿರಿ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯ ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ನಾರಾಯಣಪುರದ ಬಸವಸಾಗರದಿಂದ ಹೊರಟ ಕೃಷ್ಣೆಯ ನೀರು ಇಂದು ಕಾಲುವೆಯ ಮೂಲಕ ಸಿಂದಗಿ, ಇಂಡಿಗಳ ಕಡೆಗೆ ಹರಿಯುತ್ತದೆ. ಬರವನ್ನು ಉಂಡು ಬೆಳೆದ ನಮಗೆ ನೀರು ಕಂಡರೆ ಆಸೆ ಹೆಚ್ಚುವುದು ಸಹಜ. ಆದರೆ ಎರೆ ಭೂಮಿಗೆ ಹದ ಮೀರಿ ನೀರುಣಿಸಿದರೆ ನೆಲದೊಳಗಿನ ಉಪ್ಪು ಮೇಲೇರಿ ಹೊಲವು ಸವಳಾಗುತ್ತದೆ. ಅತ್ತ ಕಾಲುವೆಯ ಕೊನೆಯಲ್ಲಿರುವ ಒಕ್ಕಲಿಗನ ಬೆಳೆ ಬಾಡುತ್ತದೆ. ಒಬ್ಬನ ಅತಿಯಿಂದ ಎರಡು ಹೊಲಗಳು ಕೆಡುತ್ತವೆ.

ಆದುದರಿಂದ ಗೃಹಸ್ಥನಾದವನು ಅರ್ಧ ಸತ್ಯ, ಅರ್ಧ ದಾಸೋಹಗಳನ್ನು ಮಿತವೆಂದು ಭ್ರಮಿಸಬಾರದು. ಬೆಳೆಗೆ ಬೇಕಾದಷ್ಟು ನೀರು, ಒಡಲಿಗೆ ಬೇಕಾದಷ್ಟು ಅನ್ನ, ಉಳಿದುದು ನೆರೆಯವನ ಪಾಲು: ಇದೇ ಹದ. ಇಂದಿನ ರಾತ್ರಿ ಸರದಿ ಮೀರಿ ನೀರು ತಿರುಗಿಸಲು ಗುದ್ದಲಿ ಎತ್ತುವ ಮುನ್ನ, ಲಕ್ಕಮ್ಮನವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿರುವರೆಂದು ಒಂದು ಕ್ಷಣ ಭಾವಿಸಿರಿ.