ಕಿರಿದಾದ ಜಠರ ಮತ್ತು ಮಿತಾಹಾರದ ಪ್ರಶ್ನೆ

ಮಿತವಾಗಿ ಉಣ್ಣುವುದು ಮನುಷ್ಯನು ತನ್ನ ಸಂಕಲ್ಪದಿಂದ ಗಳಿಸಬೇಕಾದ ಗುಣವೆಂದೇ ಭಾರತೀಯ ಧರ್ಮಚಿಂತನೆ ಬಹುಮಟ್ಟಿಗೆ ಭಾವಿಸಿದೆ. ಜೈನರು ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನು ಬಾಹ್ಯ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತಾರೆ. ಹಠಯೋಗಪ್ರದೀಪಿಕೆಯು ಹೊಟ್ಟೆಯ ಕಾಲುಭಾಗವನ್ನು ಖಾಲಿ ಬಿಟ್ಟು ಉಣ್ಣುವುದನ್ನು ಮಿತಾಹಾರವೆನ್ನುತ್ತದೆ. ಹಾಗಿರುವಾಗ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯಿಂದ ಜಠರವೇ ಕಿರಿದಾಗಿ, ನಾಲ್ಕು ಚಮಚ ಗಂಜಿಗೇ ಹೊಟ್ಟೆ ತುಂಬುವವರ ಮಿತಾಹಾರವನ್ನು ಸಂಯಮವೆಂದು ಕರೆಯಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಕೊಳವೆಯಾಕಾರದ ಭಾಗವನ್ನಷ್ಟೇ ಉಳಿಸಲಾಗುತ್ತದೆ. 1999ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ ಗ್ರೆಲಿನ್, ಅಂದರೆ ಹಸಿವನ್ನು ಕೆರಳಿಸುವ ಹಾರ್ಮೋನು, ಹೆಚ್ಚಾಗಿ ಸ್ರವಿಸುವುದು ಹೀಗೆ ತೆಗೆದುಹಾಕುವ ಮೇಲ್ಭಾಗದಿಂದಲೇ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಸಿವೇ ಅಷ್ಟಾಗಿ ತೋರುವುದಿಲ್ಲ. ಇಲ್ಲದ ಹಸಿವನ್ನು ಗೆಲ್ಲುವುದರಲ್ಲಿ ಯಾವ ಸಾಧನೆಯಿದೆ ಎಂದು ಕೇಳಬಹುದು.

ಭಗವದ್ಗೀತೆಯ ಎರಡನೆಯ ಅಧ್ಯಾಯ ಇದಕ್ಕೆ ದಾರಿ ತೋರುತ್ತದೆ: ನಿರಾಹಾರಿಯಿಂದ ವಿಷಯಗಳು ದೂರ ಸರಿದರೂ ಅವುಗಳ ರುಚಿ ಒಳಗೆ ಉಳಿದಿರುತ್ತದೆಂಬ ಅಲ್ಲಿನ ಮಾತನ್ನು ಚೇತರಿಕೆಯ ಅವಧಿ ಅಕ್ಷರಶಃ ಎತ್ತಿಹಿಡಿಯುತ್ತದೆ. ಆರಂಭದ ವಾರಗಳಲ್ಲಿ ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆಯಂತಹ ದ್ರವಗಳು, ಬಳಿಕ ನುಣ್ಣಗೆ ಅರೆದ ಮೆತ್ತನೆಯ ಆಹಾರ, ಸುಮಾರು ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ ಎಂಬ ಕ್ರಮದಲ್ಲಿ ಪಥ್ಯ ಸಾಗುತ್ತದೆ. ನೀರನ್ನು ಊಟದೊಡನೆ ಕುಡಿಯದೆ ದಿನವಿಡೀ ಗುಟುಕುಗುಟುಕಾಗಿ ಕುಡಿಯಬೇಕು. ಹೊಟ್ಟೆ ಬೇಡವೆನ್ನುತ್ತಿರುವಾಗಲೇ ಒಗ್ಗರಣೆಯ ವಾಸನೆಗೆ ಮನಸ್ಸು ಹಾತೊರೆಯುವುದುಂಟು. ದುಃಖವನ್ನೋ ಒಂಟಿತನವನ್ನೋ ತಿಂದು ಮರೆಯುತ್ತಿದ್ದವರಿಗೆ ಆ ಆಸರೆ ತಪ್ಪಿ, ದುಃಖ ಮಾತ್ರ ಉಳಿಯುತ್ತದೆ. ಚೇತರಿಕೆಯ ಅತ್ಯಂತ ಕಠಿಣ ಭಾಗ ಬಹುಶಃ ಇದೇ. ಐಸ್‌ಕ್ರೀಂ, ಸಿಹಿ ಪಾನೀಯಗಳಂತೂ ಕಿರಿದಾದ ಜಠರದಿಂದಲೂ ಸಲೀಸಾಗಿ ಇಳಿದುಹೋಗುವುದರಿಂದ, ಅವುಗಳನ್ನು ತಡೆಯುವ ಕಾವಲು ಶಸ್ತ್ರವೈದ್ಯರಿಂದ ದೊರೆಯುವಂಥದ್ದಲ್ಲ.

ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲವೆಂದ ಗೀತೆ, ಉಣ್ಣದೆಯೇ ಇರುವವನಿಗೂ ಅದಿಲ್ಲವೆನ್ನುತ್ತದೆ. ಈ ಎರಡನೆಯ ಮಾತಿಗೆ ಇಲ್ಲಿ ವಿಶೇಷ ತೂಕವಿದೆ. ಹಸಿವಿಲ್ಲದಿದ್ದರೂ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇವಿಸುವುದು, ಬಿ12 ಮತ್ತು ಡಿ ಜೀವಸತ್ವಗಳ, ಕಬ್ಬಿಣ, ಕ್ಯಾಲ್ಸಿಯಂಗಳ ಪೂರಕಗಳನ್ನು ಜೀವನಪರ್ಯಂತ ತೆಗೆದುಕೊಳ್ಳುವುದು ಅಗತ್ಯ. ಮೂರನೆಯ ತಿಂಗಳ ಸುಮಾರಿಗೆ ಕೂದಲು ಉದುರತೊಡಗಿದರೂ ಅದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ, ಆದರೆ ವಾಂತಿ ನಿಲ್ಲದಿದ್ದರೆ ಥಯಾಮಿನ್ ಕೊರತೆಯಿಂದ ನರಗಳಿಗೇ ಅಪಾಯವಿರುವುದರಿಂದ ವೈದ್ಯರನ್ನು ಕಾಣಲು ತಡಮಾಡಬಾರದು. ನೀರೂ ಮುಟ್ಟದ ಉಪವಾಸಗಳು ಮೊದಲ ತಿಂಗಳುಗಳಲ್ಲಿ ಸಲ್ಲವು. ರೋಗಿಗೆ ರಂಜಾನ್ ಉಪವಾಸದಿಂದ ಕುರಾನೇ ವಿನಾಯಿತಿ ನೀಡಿರುವಾಗ, ಏಕಾದಶಿಯ ವ್ರತಸ್ಥರೂ ಅದೇ ವಿವೇಕವನ್ನು ತಮಗೆ ಅನ್ವಯಿಸಿಕೊಳ್ಳುವುದು ಧರ್ಮಕ್ಕೆ ಹೊರತಾಗದು. ಎಲೆಯಲ್ಲಿ ಅನ್ನ ಬಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರು ಬಡಿಸುವ ಮೊದಲೇ ಸಾಕೆನ್ನಲು ಕಲಿಯಬೇಕಾಗುತ್ತದೆ, ಮನೆಯವರು ಒತ್ತಾಯಿಸದಿರಲು ಕಲಿಯಬೇಕಾಗುತ್ತದೆ.

ಹೊರಗಿನ ನೆರವು ಸಂಯಮದ ಮೌಲ್ಯವನ್ನು ಕುಗ್ಗಿಸುತ್ತದೆಯೇ ಎಂಬುದಕ್ಕೆ ಬೌದ್ಧರ ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಕೋಸಲದ ದೊರೆ ಪಸೇನದಿ ಮಿತಿಮೀರಿ ಉಂಡು ಏದುಸಿರು ಬಿಡುತ್ತ ಬಂದಾಗ, ಬುದ್ಧನು ಎಚ್ಚರದಿಂದ ಉಣ್ಣುವವನ ಕುರಿತು ಗಾಥೆಯೊಂದನ್ನು ನುಡಿಯುತ್ತಾನೆ; ದೊರೆ ಅದನ್ನು ಪ್ರತಿ ಊಟದ ವೇಳೆ ಹೇಳುವಂತೆ ಸುದಸ್ಸನನೆಂಬ ತರುಣನನ್ನು ನೇಮಿಸಿ, ಕ್ರಮೇಣ ಊಟವನ್ನು ತಗ್ಗಿಸಿ ಹಗುರಾಗುತ್ತಾನೆ. ಇನ್ನೊಬ್ಬನ ದನಿ ಬೇಕಾಯಿತೆಂಬ ಕಾರಣಕ್ಕೆ ಆ ಸಂಯಮ ದೊರೆಯದಲ್ಲವೆಂದು ಗ್ರಂಥ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯೂ ಸುದಸ್ಸನನ ಸ್ಥಾನದಲ್ಲಿದೆ, ಆದರೆ ಅದರ ದನಿ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ: ಒಂದು, ಒಂದೂವರೆ ವರ್ಷ ವೇಗವಾಗಿ ಇಳಿದ ತೂಕ ಬಳಿಕ ನಿಲ್ಲುತ್ತದೆ, ಹಸಿವು ಬಹಳಷ್ಟು ಮಂದಿಗೆ ಮರಳುತ್ತದೆ, ಕೆಲವರ ತೂಕ ತುಸು ಏರುತ್ತದೆ.

ಹಾಗೆ ಏರಿದಾಗ ಅವರನ್ನು ಹೊಟ್ಟೆಬಾಕರೆಂದು ಹಳಿಯುವುದು ಅನ್ಯಾಯ, ಅಜ್ಞಾನ ಕೂಡ. ಅತಿಸ್ಥೂಲತೆಯನ್ನು ನಿಂದಿತ ದೇಹಸ್ಥಿತಿಗಳ ಸಾಲಿಗೆ ಸೇರಿಸಿದ ಚರಕಸಂಹಿತೆಯೇ ಅದರ ಕಾರಣಗಳಲ್ಲಿ ಅತಿಭೋಜನದ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ಹುಟ್ಟಿನಿಂದ ಬಂದ ಪ್ರವೃತ್ತಿಯನ್ನೂ ಹೇಳಿದೆ, ಮತ್ತು ಕೃಶತೆಗಿಂತ ಸ್ಥೂಲತೆಗೆ ಚಿಕಿತ್ಸೆ ಮಾಡುವುದು ಕಷ್ಟವೆಂದು ಒಪ್ಪಿಕೊಂಡಿದೆ.