ಕೊಲ್ಲದ ಆಯುಧವೂ ಅದನ್ನು ಹಿಡಿದ ಕೈಯೂ

ದಂಡವಿಲ್ಲದೆ ಸಮಾಜವು ನಿಲ್ಲದು. ದಂಡವು ಮಿತಿ ಮೀರಿದರೆ ಸಮಾಜವು ಬಾಳದು. ಇವೆರಡರ ನಡುವಿನ ಹದವನ್ನು ಅರಸುವ ಪ್ರಯತ್ನವು ಎಲ್ಲ ಕಾಲಗಳಲ್ಲಿಯೂ ನಡೆದಿದೆ. ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನವು ಈ ಪ್ರಯತ್ನಕ್ಕೆ ಒಂದು ಹೊಸ ಸಾಧನವನ್ನು ಒದಗಿಸಿತು. ಅದೇ ಪೊಲೀಸರ ಕೈಯಲ್ಲಿರುವ ವಿದ್ಯುದಾಘಾತದ ಆಯುಧ. ರೂಢಿಯ ಮಾತಿನಲ್ಲಿ ‘ಟೇಸರ್’. ಕೊಲ್ಲದೆಯೇ ಮನುಷ್ಯನನ್ನು ತಡೆಯಬಲ್ಲ ಆಯುಧವೊಂದು ದೊರೆತರೆ ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರು ಅದನ್ನು ಸ್ವಾಗತಿಸಬೇಕಲ್ಲವೆ? ಪ್ರಶ್ನೆಯು ಸರಳವಾಗಿ ತೋರುತ್ತದೆ. ಉತ್ತರವು ಅಷ್ಟು ಸರಳವಲ್ಲ.

ಈ ಆಯುಧದ ಮೂಲವು ಅಮೆರಿಕದಲ್ಲಿದೆ. ಜ್ಯಾಕ್ ಕವರ್ ಎಂಬ ಭೌತವಿಜ್ಞಾನಿಯು 1969ರ ಸುಮಾರಿಗೆ ಇದರ ರಚನೆಗೆ ತೊಡಗಿ, 1974ರ ಹೊತ್ತಿಗೆ ಅದನ್ನು ಒಂದು ರೂಪಕ್ಕೆ ತಂದರು. ಬಾಲಕರಿಗಾಗಿ ಬರೆದ ಟಾಮ್ ಸ್ವಿಫ್ಟ್ ಎಂಬ ಸಾಹಸಿಯ ಕಥೆಯಲ್ಲಿ ಬರುವ ವಿದ್ಯುತ್ ಕೋವಿಯನ್ನು ನೆನೆದು ಅದಕ್ಕೆ ಆ ಹೆಸರನ್ನಿಟ್ಟರು. ಟ್ರಿಗರನ್ನು ಒತ್ತಿದೊಡನೆ ತೆಳುವಾದ ತಂತಿಗಳಿಗೆ ಕಟ್ಟಿದ ಎರಡು ಸಣ್ಣ ಮುಳ್ಳುಗಳು ಹಾರಿ ಎದುರಿನವನ ಬಟ್ಟೆಯಲ್ಲೋ ಚರ್ಮದಲ್ಲೋ ನಾಟುತ್ತವೆ. ಸಾಮಾನ್ಯವಾಗಿ ಐದು ಸೆಕೆಂಡುಗಳ ಕಾಲ ವಿದ್ಯುತ್ತಿನ ಮಿಡಿತಗಳು ಹರಿಯುತ್ತವೆ. ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮನುಷ್ಯನು ಕೈಯೂರಿ ತನ್ನನ್ನು ತಾನು ತಡೆದುಕೊಳ್ಳಲಾರದೆ ನೆಲಕ್ಕೆ ಬೀಳುತ್ತಾನೆ. ಇದೇ ಸಾಧನವನ್ನು ನೇರವಾಗಿ ಮೈಗೆ ಒತ್ತಿ ಹಿಡಿಯುವ ಇನ್ನೊಂದು ಬಗೆಯೂ ಉಂಟು. ಅದರಿಂದ ಮೈಯೆಲ್ಲ ಸೆಟೆದು ಸ್ತಬ್ಧವಾಗುವುದಿಲ್ಲ. ತೀವ್ರವಾದ ನೋವು ಮಾತ್ರ ಉಂಟಾಗುತ್ತದೆ. ಈ ಎರಡು ಬಗೆಗಳ ಅಂತರವು ಕೇವಲ ತಾಂತ್ರಿಕವಾದುದಲ್ಲವೆಂಬುದು ಮುಂದೆ ವಿದಿತವಾಗುತ್ತದೆ.

ಮೊದಲು ಈ ಆಯುಧದ ಪರವಾದ ವಾದವನ್ನು ನ್ಯಾಯವಾಗಿ ನೋಡಬೇಕು. ಚಾಕು ಹಿಡಿದು ಮುನ್ನುಗ್ಗುವವನ ಎದುರು ನಿಂತ ಪೊಲೀಸನಿಗೆ ಪಿಸ್ತೂಲು ಒಂದೇ ಉಪಾಯವಾಗಿದ್ದರೆ ಒಂದು ಜೀವವು ಹೋಗುವುದು ಬಹುಮಟ್ಟಿಗೆ ನಿಶ್ಚಿತ. ಅಲ್ಲಿ ಟೇಸರು ಇದ್ದರೆ ಇಬ್ಬರೂ ಬದುಕಬಹುದು. ಹಾಗೆ ಬದುಕಿದವರು ಅನೇಕರಿದ್ದಾರೆ. 1990ರಲ್ಲಿ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನವು ಪೊಲೀಸರ ಬಲಪ್ರಯೋಗದ ಬಗೆಗೆ ಅಂಗೀಕರಿಸಿದ ಮೂಲತತ್ತ್ವಗಳೂ ಪ್ರಾಣ ತೆಗೆಯದ ಸಾಧನಗಳನ್ನು ಬೆಳೆಸಬೇಕೆಂದು ಸರಕಾರಗಳಿಗೆ ಸೂಚಿಸಿದವು. ಅದರ ಬೆನ್ನಿಗೇ, ಅಂತಹ ಸಾಧನಗಳನ್ನು ಎಚ್ಚರದಿಂದ ಪರೀಕ್ಷಿಸಿ ಅವುಗಳ ಬಳಕೆಯನ್ನು ಹತೋಟಿಯಲ್ಲಿಡಬೇಕೆಂದೂ ಹೇಳಿದವು. ಮೊದಲನೆಯ ಮಾತನ್ನು ಜಗತ್ತು ಬೇಗ ಕೇಳಿಸಿಕೊಂಡಿತು. ಎರಡನೆಯದನ್ನು ಕೇಳಿಸಿಕೊಳ್ಳಲು ತಡವಾಯಿತು.

ಆ ವಿಳಂಬದ ಫಲವು ಕೆನಡ ದೇಶದಲ್ಲಿ ಕಂಡುಬಂದಿತು. 2007ರ ಅಕ್ಟೋಬರ್ ತಿಂಗಳಿನಲ್ಲಿ ರಾಬರ್ಟ್ ಜೆಕಾನ್‌ಸ್ಕಿ ಎಂಬ ನಲವತ್ತು ವರ್ಷದ ಪೋಲೆಂಡ್ ದೇಶದವರು ತಾಯಿಯೊಡನೆ ನೆಲಸಲೆಂದು ವ್ಯಾಂಕೂವರ್ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಅವರಿಗೆ ಇಂಗ್ಲಿಷ್ ಬಾರದು. ತಾಯಿಯು ಹೊರಗೆ ಗಂಟೆಗಟ್ಟಲೆ ಕಾದು, ಮಗ ಬಂದಿಲ್ಲವೆಂದು ತಿಳಿದು ಊರಿಗೆ ಮರಳಿದರು. ಮಗನು ಸುಮಾರು ಹತ್ತು ಗಂಟೆಗಳ ಕಾಲ ಒಳಗೇ ಅಲೆದು, ಕಂಗೆಟ್ಟು, ಅಲ್ಲಿದ್ದ ಪೀಠೋಪಕರಣಗಳನ್ನು ಎತ್ತಿಹಾಕತೊಡಗಿದರು. ಬಂದ ಪೊಲೀಸರು ನಾಲ್ವರು. ಅವರು ಎದುರು ನಿಂತು ಒಂದು ನಿಮಿಷ ಕಳೆಯುವ ಮೊದಲೇ ಟೇಸರು ಸಿಡಿಯಿತು; ಒಟ್ಟು ಐದು ಬಾರಿ ಪ್ರಯೋಗವಾಯಿತು. ಆಗ ಆ ವ್ಯಕ್ತಿಯ ಕೈಯಲ್ಲಿದ್ದುದು ಕಾಗದ ಜೋಡಿಸುವ ಒಂದು ಸ್ಟೇಪ್ಲರ್. ಅವರು ಅಲ್ಲಿಯೇ ಪ್ರಾಣ ಬಿಟ್ಟರು.

ಅಂದು ಟೇಸರ್ ಇಲ್ಲದಿದ್ದರೆ ಆ ನಾಲ್ವರು ಪಿಸ್ತೂಲನ್ನು ಹಾರಿಸುತ್ತಿದ್ದರೆ? ಹಾಗೆನ್ನಲು ಆಧಾರವಿಲ್ಲ. ಬಹುಶಃ ಸನ್ನೆಯಿಂದ ಮಾತನಾಡಿಸುತ್ತಿದ್ದರು, ದುಭಾಷಿಯನ್ನು ಕರೆಸುತ್ತಿದ್ದರು, ಒಂದಿಷ್ಟು ಹೊತ್ತು ಕಾಯುತ್ತಿದ್ದರು. ಇಲ್ಲಿ ಟೇಸರು ಬಂದೂಕಿನ ಸ್ಥಾನದಲ್ಲಿ ಬರಲಿಲ್ಲ. ಸಹನೆಯ ಸ್ಥಾನದಲ್ಲಿ ಬಂದಿತು. ಈ ಆಯುಧದ ನೈತಿಕ ವಿಚಾರವೆಲ್ಲ ಈ ಒಂದು ಭೇದದಲ್ಲಿ ಅಡಗಿದೆ. ಬಂದೂಕನ್ನು ಕೆಳಗಿಡಿಸಿದರೆ ಅದು ಹಿಂಸೆಯನ್ನು ಕಡಿಮೆ ಮಾಡುತ್ತದೆ. ಮಾತನ್ನು ನಿಲ್ಲಿಸಿದರೆ ಹಿಂಸೆಯನ್ನು ಹೆಚ್ಚಿಸುತ್ತದೆ. ಆಯುಧವು ಎರಡೂ ಕಡೆ ಒಂದೇ.

ಈ ಸಾವಿನ ಬಳಿಕ ನಿವೃತ್ತ ನ್ಯಾಯಾಧೀಶ ಥಾಮಸ್ ಬ್ರೇಡ್‌ವುಡ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆದು 2009 ಮತ್ತು 2010ರಲ್ಲಿ ಎರಡು ವರದಿಗಳು ಹೊರಬಂದವು. ಎದುರಿನವನು ದೈಹಿಕ ಹಾನಿಯನ್ನು ಉಂಟುಮಾಡುತ್ತಿದ್ದರೆ, ಇಲ್ಲವೆ ಆ ಕ್ಷಣದಲ್ಲಿಯೇ ಮಾಡಲಿದ್ದಾನೆಂದು ನಂಬಲು ಯುಕ್ತವಾದ ಕಾರಣವಿದ್ದರೆ ಮಾತ್ರ ಈ ಆಯುಧವನ್ನು ಬಳಸಬೇಕು; ಅದಕ್ಕಿಂತ ಕಡಿಮೆಯ ಬಲವಾಗಲಿ ಸಮಾಧಾನದ ಮಾತಾಗಲಿ ಫಲಿಸದೆಂದು ಮೊದಲು ಮನವರಿಕೆಯಾಗಿರಬೇಕು ಎಂಬುದು ಅವರ ಮುಖ್ಯ ಸಲಹೆಯಾಗಿತ್ತು. ಆ ವಿಮಾನ ನಿಲ್ದಾಣದಲ್ಲಿ ನಡೆದ ಪ್ರಯೋಗಕ್ಕೆ ಸಮರ್ಥನೆಯಿಲ್ಲವೆಂದೂ ವಿಚಾರಣೆಯು ನಿರ್ಣಯಿಸಿತು.

ಅವಿಧೇಯತೆ ಬೇರೆ, ಅಪಾಯ ಬೇರೆ ಎಂಬ ಈ ವಿವೇಕವನ್ನು ಅಮೆರಿಕದ ನ್ಯಾಯಾಲಯವೊಂದು ಇನ್ನೂ ಸ್ಪಷ್ಟಪಡಿಸಿತು. 2011ರಲ್ಲಿ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ಎಂಬ ಊರಿನಲ್ಲಿ ಮಾನಸಿಕ ಅಸ್ವಸ್ಥನೊಬ್ಬನು ಆಸ್ಪತ್ರೆಯಿಂದ ಹೊರಬಂದು, ರಸ್ತೆಯ ಬದಿಯ ಫಲಕದ ಕಂಬವನ್ನು ಕೈಕಾಲುಗಳಿಂದ ತಬ್ಬಿ ಕುಳಿತನು. ಯಾರ ಮೇಲೂ ಏರಿ ಹೋಗಲಿಲ್ಲ. ಕಂಬವನ್ನು ಬಿಡಿಸಲೆಂದು ಪೊಲೀಸರು ಎರಡು ನಿಮಿಷಗಳ ಅವಧಿಯಲ್ಲಿ ಐದು ಬಾರಿ ಟೇಸರನ್ನು ಅವನ ಮೈಗೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿನಲ್ಲಿಯೇ ಅವನು ತೀರಿಕೊಂಡನು. 2016ರಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ತತ್‌ಕ್ಷಣದ ಅಪಾಯವಿಲ್ಲದೆ ಕೇವಲ ಪ್ರತಿರೋಧವನ್ನು ಮುರಿಯಲು ಇಷ್ಟು ಗಂಭೀರವಾದ ಬಲವನ್ನು ಬಳಸುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಆದರೆ ಆ ದಿನದವರೆಗೆ ಕಾನೂನು ಸ್ಪಷ್ಟವಾಗಿರಲಿಲ್ಲವೆಂದು ಆ ಅಧಿಕಾರಿಗಳನ್ನು ಹೊಣೆಯಿಂದ ಬಿಡುಗಡೆ ಮಾಡಿತು.

ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ತನ್ನನ್ನೂ ಆಶ್ರಿತರನ್ನೂ ರಕ್ಷಿಸುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನೆಂದು ಒಪ್ಪಿದ್ದಾರೆ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಮಾತ್ರ ಅವನಿಗೂ ನಿಷೇಧಿಸಿದ್ದಾರೆ. ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಟೇಸರಿನ ಎರಡು ಬಗೆಗಳ ಅಂತರವು ಸ್ಪಷ್ಟವಾಗುತ್ತದೆ. ಮುನ್ನುಗ್ಗುವವನನ್ನು ಕೆಡವುವಾಗ ನೋವು ತಡೆಯುವಿಕೆಯೊಡನೆ ಬಂದ ಪರಿಣಾಮ. ಕಂಬ ತಬ್ಬಿದವನಿಗೆ ಒತ್ತಿ ಹಿಡಿಯುವಾಗ ನೋವೇ ಉದ್ದೇಶ. ನೋವಿನ ಮೂಲಕ ವಿಧೇಯತೆಯನ್ನು ಪಡೆಯುವುದೇ ಗುರಿ. ಇದನ್ನು ವಿರೋಧೀ ಹಿಂಸೆಯೆಂದು ಕರೆಯಲಾಗದು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿಯು 2007ರಲ್ಲಿ ಪೋರ್ಚುಗಲ್ ದೇಶದ ವಿಷಯವನ್ನು ಪರಿಶೀಲಿಸುವಾಗ, ಟೇಸರಿನ ಬಳಕೆಯು ಚಿತ್ರಹಿಂಸೆಯ ಒಂದು ರೂಪವಾಗಬಲ್ಲದೆಂದು ಎಚ್ಚರಿಸಿದ್ದು ಈ ಕಾರಣದಿಂದಲೇ ಅರ್ಥಪೂರ್ಣವಾಗಿದೆ.

ನಿಯಮಗಳು ಕಾಲವನ್ನೂ ಅಳೆಯಬೇಕಾಗುತ್ತದೆ. ಅಮೆರಿಕದಲ್ಲಿ 2011ರಲ್ಲಿ ಪೊಲೀಸ್ ಮುಖ್ಯಸ್ಥರ ಸಂಶೋಧನಾ ವೇದಿಕೆಯು ನ್ಯಾಯ ಇಲಾಖೆಯೊಡನೆ ಸೇರಿ ಪ್ರಕಟಿಸಿದ ಮಾರ್ಗಸೂಚಿಯು, ಒಂದು ಸಲದ ಐದು ಸೆಕೆಂಡುಗಳ ಬಳಿಕ ಅಧಿಕಾರಿಯು ನಿಂತು ನೋಡಬೇಕೆಂದೂ, ಮುಂದಿನ ಪ್ರತಿಯೊಂದು ಪ್ರಯೋಗಕ್ಕೂ ಪ್ರತ್ಯೇಕವಾದ ಕಾರಣವಿರಬೇಕೆಂದೂ, ಒಟ್ಟು 15 ಸೆಕೆಂಡುಗಳನ್ನು ಮೀರಿದರೆ ಸಾವಿನ ಇಲ್ಲವೆ ತೀವ್ರ ಗಾಯದ ಭಯವು ಹೆಚ್ಚಬಹುದೆಂದೂ ತಿಳಿಸಿತು. 2016ರಲ್ಲಿ ಇಂಗ್ಲೆಂಡಿನ ಟೆಲ್‌ಫರ್ಡ್ ನಗರದಲ್ಲಿ ಹಿಂದಿನ ಫುಟ್‌ಬಾಲ್ ಆಟಗಾರ ಡಾಲಿಯನ್ ಆಟ್ಕಿನ್‌ಸನ್ ಅವರ ಮೇಲೆ ಟೇಸರನ್ನು ಒಂದೇ ಸಮನೆ 33 ಸೆಕೆಂಡು ಹಿಡಿಯಲಾಯಿತು. ಬಿದ್ದ ಮೇಲೆ ತಲೆಗೆ ಒದೆಯಲಾಯಿತು. ಅವರು ಬದುಕಲಿಲ್ಲ. ಆ ಅಧಿಕಾರಿಗೆ 2021ರಲ್ಲಿ ಎಂಟು ವರ್ಷಗಳ ಸೆರೆವಾಸವಾಯಿತು. ಐದು ಸೆಕೆಂಡುಗಳ ನಿಯಮದ ತಿರುಳು ಇಷ್ಟೇ: ಮೊದಲ ಕ್ಷಣಕ್ಕೆ ಇದ್ದ ಕಾರಣವು ಆರನೆಯ ಕ್ಷಣಕ್ಕೆ ಇರಲೇಬೇಕೆಂದಿಲ್ಲ. ಬೆರಳು ಟ್ರಿಗರಿನ ಮೇಲೆ ಇರುವಷ್ಟು ಹೊತ್ತೂ ಮನಸ್ಸು ಎಚ್ಚರವಾಗಿರಬೇಕು. ಆ ಎಚ್ಚರ ತಪ್ಪುವುದನ್ನೇ ಶಾಸ್ತ್ರವು ಪ್ರಮಾದವೆನ್ನುತ್ತದೆ.

ಎದುರಿಗಿರುವ ದೇಹವು ಯಾರದೆಂಬುದೂ ವಿಚಾರಣೀಯ. ಅದೇ ಮಾರ್ಗಸೂಚಿಯು ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು, ನೋಟಕ್ಕೇ ದುರ್ಬಲರಾಗಿ ಕಾಣುವವರು ಇವರ ಮೇಲೆ ತೀರ ಅನಿವಾರ್ಯವಲ್ಲದೆ ಇದನ್ನು ಬಳಸಬಾರದೆಂದು ಹೇಳಿತ್ತು. ಆದರೂ 2023ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯದ ಕೂಮಾ ಪಟ್ಟಣದ ವೃದ್ಧಾಶ್ರಮವೊಂದರಲ್ಲಿ 95 ವರ್ಷದ ಕ್ಲೇರ್ ನೌಲ್ಯಾಂಡ್ ಎಂಬ ಅಜ್ಜಿಯ ಮೇಲೆ ಟೇಸರು ಪ್ರಯೋಗವಾಯಿತು. ಅವರ ತೂಕ 48 ಕಿಲೋಗಿಂತ ಕಡಿಮೆ, ನಡೆಯುತ್ತಿದ್ದುದು ಆಸರೆಯ ಚೌಕಟ್ಟನ್ನು ಹಿಡಿದು, ಮರೆಗುಳಿತನದ ಲಕ್ಷಣಗಳಿದ್ದವು. ಕೈಯಲ್ಲಿ ಊಟದ ಚಾಕುವಿತ್ತೆಂಬುದು ನಿಜ. ಬಾಗಿಲನ್ನು ಮುಚ್ಚಿಕೊಂಡು ಹೊರಗೆ ಕಾದಿದ್ದರೂ ಆಗುತ್ತಿತ್ತು. ಅವರು ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗಿ ಒಂದು ವಾರದಲ್ಲಿ ತೀರಿಕೊಂಡರು. 2024ರಲ್ಲಿ ಆ ಅಧಿಕಾರಿಯು ಕೊಲೆಯಲ್ಲದ ನರಹತ್ಯೆಯ ಅಪರಾಧಿಯೆಂದು ತೀರ್ಮಾನವಾಯಿತು. 2025ರಲ್ಲಿ ಸೆರೆವಾಸವಿಲ್ಲದ ಶಿಕ್ಷೆಯನ್ನು ವಿಧಿಸಲಾಯಿತು. ಇಂತಹ ವೃದ್ಧೆಯ ಮೇಲೆ ಪಿಸ್ತೂಲನ್ನು ಎತ್ತಲು ಯಾವ ಅಧಿಕಾರಿಯ ಕೈಯೂ ಅಳುಕದಿರದು. ‘ಇದು ಕೊಲ್ಲುವುದಿಲ್ಲ’ ಎಂಬ ನಂಬಿಕೆಯೇ ಆ ಅಳುಕನ್ನು ತೆಗೆದುಹಾಕುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು. ಅಪಾಯದ ಎದುರು ನಿಂತವನಿಗೆ ತತ್ತ್ವವಿಚಾರಕ್ಕೆ ಸಮಯವೆಲ್ಲಿ? ನಿಯಮಗಳು ಹೆಚ್ಚಿದಷ್ಟೂ ಅವನು ಹಿಂಜರಿದು ತನ್ನ ಪ್ರಾಣಕ್ಕೇ ಎರವಾಗಬಹುದಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಪೊಲೀಸನೂ ಒಬ್ಬರ ಮಗ, ಒಬ್ಬರ ತಂದೆ. ಆದರೆ ವ್ಯಾಂಕೂವರಿನಲ್ಲಿ ನಾಲ್ವರಿದ್ದರು. ಪೈನ್‌ಹರ್ಸ್ಟ್‌ನಲ್ಲಿ ಎದುರಿನವನು ಕಂಬವನ್ನು ಬಿಡದೆ ಕುಳಿತಿದ್ದನು. ಕೂಮಾದಲ್ಲಿ ಅಜ್ಜಿಯ ನಡಿಗೆಗಿಂತ ನಿಧಾನವಾದುದು ಅಲ್ಲಿ ಬೇರೊಂದಿರಲಿಲ್ಲ. ಸಮಯದ ಅಭಾವವು ಈ ಮೂರು ಕಡೆಯೂ ಇರಲಿಲ್ಲ. ಕಾಯುವ ಮನಸ್ಸಿನ ಅಭಾವವಿತ್ತು. ನಿಜವಾದ ಅಪಾಯದ ಕ್ಷಣದಲ್ಲಿ ಅಧಿಕಾರಿಯ ಕೈಯನ್ನು ಯಾವ ಒಳ್ಳೆಯ ನಿಯಮವೂ ಕಟ್ಟುವುದಿಲ್ಲ. ಅದು ಕಟ್ಟುವುದು ಬೇಸರವನ್ನು, ಆತುರವನ್ನು, ತನ್ನ ಮಾತು ನಡೆಯಲಿಲ್ಲವೆಂಬ ಕೋಪವನ್ನು.

ಈ ವಿಚಾರವು ಪೊಲೀಸರಿಗೆ ಮಾತ್ರ ಸಂಬಂಧಿಸಿದುದೆಂದು ಗೃಹಸ್ಥರು ಭಾವಿಸಬಾರದು. ಅಮೆರಿಕ, ಕೆನಡ, ಇಂಗ್ಲೆಂಡುಗಳಲ್ಲಿ ನೆಲಸಿರುವ ಜೈನ ಕುಟುಂಬಗಳು ಅಲ್ಲಿ ತೆರಿಗೆ ಕೊಡುತ್ತವೆ. ಅಲ್ಲಿನ ಪ್ರಜೆಗಳಾದವರು ಮತವನ್ನೂ ಹಾಕುತ್ತಾರೆ. ಆ ದೇಶಗಳ ಪೊಲೀಸರ ಕೈಯಲ್ಲಿರುವ ಆಯುಧವು ಅವರ ಹಣದಿಂದಲೂ ಬಂದುದು. ತಾನು ಮಾಡಿದ ಹಿಂಸೆ, ಇನ್ನೊಬ್ಬರಿಂದ ಮಾಡಿಸಿದ ಹಿಂಸೆ, ಇನ್ನೊಬ್ಬರು ಮಾಡಿದುದನ್ನು ಅನುಮೋದಿಸಿದ ಹಿಂಸೆ ಈ ಮೂರಕ್ಕೂ ಲೆಕ್ಕವುಂಟೆಂದು ತಿಳಿದವರು, ತಮ್ಮ ನಗರದ ಪೊಲೀಸರು ಎಷ್ಟು ಬಾರಿ, ಯಾರ ಮೇಲೆ, ಯಾವ ಕಾರಣಕ್ಕಾಗಿ ಈ ಆಯುಧವನ್ನು ಬಳಸಿದರೆಂಬ ವರದಿಯನ್ನು ಕೇಳಿ ಪಡೆಯಬೇಕು. ಅದನ್ನು ಓದುವಾಗ ಎಷ್ಟು ಮಂದಿ ಸತ್ತರೆಂದು ನೋಡಿದರೆ ಸಾಲದು. ಎಷ್ಟು ಕಡೆ ಅದು ಗುಂಡಿಗೆ ಬದಲಾಗಿ ಬಂದಿತು, ಎಷ್ಟು ಕಡೆ ಮಾತಿಗೆ ಬದಲಾಗಿ ಬಂದಿತು ಎಂಬುದನ್ನೂ ವಿಚಾರಿಸಬೇಕು.